1969ರ ಕ್ಯಾಮರೊಗೆ ಸ್ವಂತ ವಿನ್ಯಾಸದ ಮುಂಭಾಗದ ಸ್ಪಿಂಡಲ್: ಎತ್ತರ ಎಷ್ಟಿರಬೇಕು, ಬಲ ಎಲ್ಲಿರಬೇಕು?

ಪ್ರಶ್ನೆ:
1969ರ ಷೆವರ್ಲೆ ಕ್ಯಾಮರೊ ಕಾರಿಗೆ ಮುಂಭಾಗದ ಸ್ಪಿಂಡಲ್‌ಗಳನ್ನು (ಮುಂಚಕ್ರವನ್ನು ಹೊತ್ತು ಸ್ಟಿಯರಿಂಗ್ ಜೊತೆ ತಿರುಗುವ ಉಕ್ಕಿನ ಭಾಗ) ನಾನೇ ವಿನ್ಯಾಸಗೊಳಿಸಿ ತಯಾರಿಸಬೇಕೆಂದಿದ್ದೇನೆ. ಮೂಲ ಸ್ಪಿಂಡಲ್ ಗಿಡ್ಡವಾಗಿರುವುದರಿಂದ ಮೇಲಿನ ಕಂಟ್ರೋಲ್ ಆರ್ಮ್ (ಸ್ಪಿಂಡಲನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳು) ಹೊರತುದಿಯತ್ತ ಇಳಿಜಾರಾಗಿ ನಿಂತಿದೆ. ತಿರುವಿನಲ್ಲಿ ಹೊರಬದಿಯ ಚಕ್ರ ಮೇಲೇರಿದಾಗ ಅದರ ಮೇಲ್ಭಾಗ ಒಳಕ್ಕೆ ವಾಲುವ ಬದಲು ಹೊರಕ್ಕೆ ವಾಲಿ, ಟೈರಿನ ಹೊರ ಅಂಚಿನ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಕಾರನ್ನು 50 ಮಿ.ಮೀ. ತಗ್ಗಿಸುವುದು ಮತ್ತು ಮೇಲಿನ ಬಾಲ್ ಜಾಯಿಂಟನ್ನು (ಆರ್ಮ್ ಮತ್ತು ಸ್ಪಿಂಡಲ್ ಸೇರುವ ಗುಂಡು ಕೀಲು) 38 ಮಿ.ಮೀ. ಎತ್ತರಿಸುವುದು ನನ್ನ ಯೋಜನೆ. ಚಕ್ರಗಳು 18 ಇಂಚಿನವು, ಕಾರಿನ ತೂಕ ಸುಮಾರು 1550 ಕಿಲೋ. ಈ ಎತ್ತರ ಸರಿಯೇ? ಸ್ಪಿಂಡಲ್‌ನ ದೇಹವನ್ನು 4130 ಉಕ್ಕಿನ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಗಟ್ಟಿ ಉಕ್ಕು) ತಗಡುಗಳಿಂದ ವೆಲ್ಡ್ ಮಾಡಿ ಕಟ್ಟಬಹುದೇ?

ಮೊದಲ ಉತ್ತರ:
ನೀವು ಹೇಳಿದ ಎರಡು ಬದಲಾವಣೆಗಳನ್ನು ದಯವಿಟ್ಟು ಬೇರೆಬೇರೆಯಾಗಿಯೇ ಲೆಕ್ಕ ಹಾಕಿ. ಎರಡೂ ಬಾಲ್ ಜಾಯಿಂಟ್‌ಗಳನ್ನು ಇದ್ದಲ್ಲೇ ಇಟ್ಟು ಪಿನ್ನನ್ನು (ಚಕ್ರದ ಬೇರಿಂಗ್‌ಗಳು ಕೂರುವ ಸ್ಪಿಂಡಲ್‌ನ ಚಾಚು) ಮಾತ್ರ 50 ಮಿ.ಮೀ. ಮೇಲಕ್ಕೆ ತಂದರೆ ಕಾರು ಅಷ್ಟೇ ತಗ್ಗುತ್ತದೆ, ಆರ್ಮ್‌ಗಳ ಕೋನ ಬದಲಾಗುವುದಿಲ್ಲ. ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲುವಿಕೆ) ಸುಧಾರಿಸುವುದು ಮೇಲಿನ ಬಾಲ್ ಜಾಯಿಂಟ್ ಎತ್ತರದಿಂದ. ಆದರೆ 38 ಎಂಬ ಅಂಕಿಯನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಡಿ. ಎದುರಿನಿಂದ ನೋಡಿದಾಗ ಮೇಲಿನ ಮತ್ತು ಕೆಳಗಿನ ಆರ್ಮ್‌ಗಳ ರೇಖೆಗಳನ್ನು ಮುಂದುವರಿಸಿದರೆ ಅವು ಒಂದು ಬಿಂದುವಿನಲ್ಲಿ ಸೇರುತ್ತವೆ. ಆ ಬಿಂದು ಚಕ್ರದಿಂದ 2500 ಮಿ.ಮೀ. ದೂರವಿದ್ದರೆ, ಚಕ್ರ 25 ಮಿ.ಮೀ. ಮೇಲೇರಿದಾಗ ಸುಮಾರು 0.6 ಡಿಗ್ರಿ ನೆಗೆಟಿವ್ ಕ್ಯಾಂಬರ್ (ಮೇಲ್ಭಾಗ ಒಳಕ್ಕೆ ವಾಲುವುದು) ಸಿಗುತ್ತದೆ. ದೂರ ತೀರಾ ಕಡಿಮೆಯಾದರೆ ರೋಲ್ ಸೆಂಟರ್ (ತಿರುವಿನಲ್ಲಿ ಕಾರಿನ ದೇಹ ಯಾವುದರ ಸುತ್ತ ವಾಲುತ್ತದೋ ಆ ಬಿಂದು) ಮೇಲೇರುತ್ತದೆ, ನೇರವಾಗಿ ಬ್ರೇಕ್ ಹಾಕುವಾಗಲೂ ಟೈರುಗಳು ವಾಲುತ್ತವೆ. ಆದ್ದರಿಂದ ಮೊದಲು ಈ ದೂರವನ್ನು ನಿರ್ಧರಿಸಿ. ಎತ್ತರ ಅದರಿಂದಲೇ ಹೊರಬರುತ್ತದೆ.

ಬಹಳಷ್ಟು ಜನ ಎಡವುವುದು ಸ್ಟಿಯರಿಂಗ್ ಆರ್ಮ್ (ಸ್ಪಿಂಡಲನ್ನು ತಿರುಗಿಸುವ ತೋಳು) ವಿಷಯದಲ್ಲಿ. ಈ ಕಾರಿನಲ್ಲಿ ಆ ತೋಳನ್ನು ತಳ್ಳಿ ಎಳೆಯುವ ಟೈ ರಾಡ್‌ಗಳು ಆಕ್ಸಲ್ ರೇಖೆಯ ಹಿಂದಿವೆ. ಅವುಗಳ ರೇಖೆಯೂ ಅದೇ ಬಿಂದುವಿನತ್ತ ಸಾಗಿದರೆ ಮಾತ್ರ ಚಕ್ರ ಮೇಲೆ ಕೆಳಗೆ ಆಡುವಾಗ ತಾನಾಗಿ ತಿರುಗುವುದಿಲ್ಲ. ಮೇಲಿನ ಬಾಲ್ ಜಾಯಿಂಟ್ ಎತ್ತರಿಸಿದ ಕೂಡಲೇ ಆ ಬಿಂದು ಸ್ಥಳ ಬದಲಿಸುವುದರಿಂದ, ಟೈ ರಾಡ್‌ನ ಹೊರತುದಿಯ ಎತ್ತರವನ್ನೂ ಹೊಸದಾಗಿ ನಿರ್ಧರಿಸಬೇಕು. ದೊಡ್ಡ ಸೆಡಾನ್‌ಗಳ ಎತ್ತರದ ಸ್ಪಿಂಡಲ್ ತಂದು ಈ ಕಾರುಗಳಿಗೆ ಜೋಡಿಸಿದವರಿಗೆ ಕ್ಯಾಂಬರ್ ಸರಿಹೋದರೂ ಬಂಪ್ ಸ್ಟಿಯರ್ (ಚಕ್ರ ಹೀಗೆ ತಾನಾಗಿ ತಿರುಗುವುದು) ಗಂಟುಬಿದ್ದದ್ದು ಇದೇ ಕಾರಣಕ್ಕೆ.

ಎರಡನೆಯ ಉತ್ತರ:
ಜ್ಯಾಮಿತಿಯ ಬಗ್ಗೆ ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ನನಗೆ ಆತಂಕವಿರುವುದು ಪಿನ್ನಿನ ಬುಡದ ಬಗ್ಗೆ. 1 ಜಿ ತಿರುವಿನಲ್ಲಿ (ಪಕ್ಕಬಲ ಭಾರಕ್ಕೆ ಸಮವಾಗುವಷ್ಟು ಬಿರುಸಿನ ತಿರುವು) ಹೊರಬದಿಯ ಮುಂಚಕ್ರದ ಮೇಲೆ 650 ಕಿಲೋ ಭಾರವಿದೆ ಎಂದುಕೊಳ್ಳಿ. ಪಕ್ಕಬಲವೂ ಅಷ್ಟೇ, ಅಂದರೆ ಸುಮಾರು 6.4 ಕಿಲೋನ್ಯೂಟನ್. ಟೈರಿನ ತ್ರಿಜ್ಯ 320 ಮಿ.ಮೀ. ಇರುವಾಗ, ಲಂಬ ಭಾರದ ವಿರುದ್ಧ ಪರಿಣಾಮವನ್ನು ಕಳೆದರೂ ಬುಡದಲ್ಲಿ ಸುಮಾರು 1.7 ಕಿಲೋನ್ಯೂಟನ್ ಮೀಟರ್ ಬಾಗು ಭ್ರಾಮಕ (ಬಲ ಮತ್ತು ದೂರದ ಗುಣಲಬ್ಧ) ಉಳಿಯುತ್ತದೆ. ಬುಡದ ವ್ಯಾಸ 32 ಮಿ.ಮೀ. ಇದ್ದರೆ ಒತ್ತಡ 530 ಮೆಗಾಪ್ಯಾಸ್ಕಲ್ ಹತ್ತಿರ ಬರುತ್ತದೆ, 36 ಇದ್ದರೆ 370ರ ಆಸುಪಾಸಿಗೆ ಇಳಿಯುತ್ತದೆ. ರಸ್ತೆಗುಂಡಿಯ ಹೊಡೆತ ಇದರಲ್ಲಿ ಸೇರಿಲ್ಲ. ಎಡ ಮತ್ತು ಬಲ ತಿರುವುಗಳಲ್ಲಿ ಬಾಗುವ ದಿಕ್ಕು ಅದಲುಬದಲಾಗುವುದರಿಂದ ಲೋಹ ದಣಿಯುತ್ತದೆ. ಬಿರುಕು ಹುಟ್ಟುವುದು ಪಿನ್ನು ದೇಹಕ್ಕೆ ಸೇರುವ ಮೂಲೆಯಲ್ಲೇ. ಅಲ್ಲಿ ಲೇತ್ ಉಪಕರಣದ ಗೆರೆಯೊಂದೂ ಉಳಿಯದಂತೆ ನಯಗೊಳಿಸಿ, ಒಳ ಬೇರಿಂಗ್‌ನ ಅಂಚು ತಾಗದಿರುವಷ್ಟರ ಮಟ್ಟಿಗೆ ದೊಡ್ಡ ದುಂಡು ತಿರುವು ಕೊಡಿ. ದೇಹವನ್ನು 4130 ತಗಡಿನಿಂದ ಕಟ್ಟಬಹುದು, ವೆಲ್ಡಿಂಗ್ ನಂತರ ಶಾಖೋಪಚಾರವೂ ಆಗಲಿ. ಆದರೆ ಪಿನ್ನಿನ ಬುಡವೇ ವೆಲ್ಡ್ ಆಗುವ ವಿನ್ಯಾಸವನ್ನು ನಾನು ಒಪ್ಪಲಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಪಿನ್ನನ್ನೇ ಬಿಟ್ಟು, ಷೆವರ್ಲೆಯ ಸಿ5 ಕಾರ್ವೆಟ್ ಕಾರಿನ ಬೋಲ್ಟ್ ಮಾಡುವ ಹಬ್ ಘಟಕವನ್ನು (ಬೇರಿಂಗ್ ಸೇರಿಯೇ ಬರುವ, ಚಕ್ರ ಕೂರುವ ಭಾಗ) ಬಳಸಿದರೆ ಹೇಗೆ?

ಎರಡನೆಯ ಉತ್ತರ ಬರೆದವರು:
ನನ್ನ ಆಯ್ಕೆಯೂ ಅದೇ. ಬಾಗು ಭ್ರಾಮಕ 3 ಬೋಲ್ಟ್‌ಗಳ ಮೇಲೆ, ಅಗಲವಾದ ಮುಖದ ಮೇಲೆ ಹರಡುತ್ತದೆ, ಬೇರಿಂಗ್ ಸಡಿಲಿಕೆ ಹೊಂದಿಸುವ ಕೆಲಸವೂ ಇರುವುದಿಲ್ಲ. ಆದರೆ ಆ ಹಬ್‌ನಿಂದ ಚಕ್ರ ಕೂರುವ ಮುಖ ಹೊರಗೆ ಅಥವಾ ಒಳಗೆ ಸರಿಯುತ್ತದೆ. ಸ್ಕ್ರಬ್ ತ್ರಿಜ್ಯವನ್ನು (ಚಕ್ರ ತಿರುಗುವ ಅಕ್ಷ ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರ) ಮತ್ತೆ ಲೆಕ್ಕ ಹಾಕಿ ಚಕ್ರದ ಆಫ್‌ಸೆಟ್ (ಚಕ್ರ ಕೂರುವ ಮುಖಕ್ಕೂ ರಿಮ್ಮಿನ ನಡುರೇಖೆಗೂ ಇರುವ ಅಂತರ) ಆರಿಸಿ. ಬಾಲ್ ಜಾಯಿಂಟ್‌ಗಳ ಟೇಪರ್ (ಒಂದು ಬದಿಗೆ ಕಿರಿದಾಗುತ್ತ ಹೋಗುವ) ರಂಧ್ರಗಳನ್ನು ಕೊರೆದ ಮೇಲೆ ಜಾಯಿಂಟ್‌ನ ಕಡ್ಡಿಗೆ ನೀಲಿ ಬಣ್ಣ ಹಚ್ಚಿ ಕೂರಿಸಿ ನೋಡಿ. ಬಣ್ಣ ಇಡೀ ಮೈಗೆ ಸಮವಾಗಿ ಹತ್ತಬೇಕು.

ಮೊದಲ ಉತ್ತರ ಬರೆದವರು:
ಉಕ್ಕು ಕೊಯ್ಯುವ ಮುನ್ನ ದಪ್ಪ ಪ್ಲೈವುಡ್‌ನಲ್ಲಿ ಒಂದು ಮಾದರಿ ಮಾಡಿ, ಸ್ಪ್ರಿಂಗ್ ತೆಗೆದು ಕಾರಿಗೆ ಜೋಡಿಸಿ, ಚಕ್ರವನ್ನು ಪೂರ್ತಿ ಮೇಲೆ ಕೆಳಗೆ ಆಡಿಸಿ ನೋಡಿ. ಮೇಲಿನ ಬಾಲ್ ಜಾಯಿಂಟ್ ರಿಮ್ಮಿಗೆ ತಾಗುತ್ತದೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ. ಪ್ರತಿ 10 ಮಿ.ಮೀ.ಗೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಎಷ್ಟು ಬದಲಾಯಿತು ಎಂದು ಬರೆದಿಟ್ಟುಕೊಂಡು ಆ ಪಟ್ಟಿಯನ್ನು ಇಲ್ಲಿ ಹಾಕಿ. ಸ್ಟಿಯರಿಂಗ್ ಆರ್ಮ್ ರಂಧ್ರದ ಎತ್ತರವನ್ನು ಅದನ್ನು ನೋಡಿಯೇ ನಿಗದಿ ಮಾಡೋಣ.