ಇರಾನಿನವರ ಪ್ಯಾಚ್ (ಕೋಡ್ ತಿದ್ದುಪಡಿ) ಮರ್ಜ್ ಮಾಡಿ ನಮ್ಮ ಕೋಡ್‌ಗೆ ಸೇರಿಸಬಹುದಾ? ಅನುಭವ ಇದ್ದವರು ಹೇಳಿ

ಹಿಂಜೇವಾಡಿ, ಪುಣೆ:
ನಮ್ಮ ಕನ್ನಡ ಓಸಿಆರ್ ಲೈಬ್ರರಿ (ಚಿತ್ರದಲ್ಲಿರೋ ಅಕ್ಷರ ಓದೋ ಕೋಡ್) ಗಿಟ್‌ಹಬ್‌ನಲ್ಲಿದೆ, ಅಂದರೆ ಕೋಡ್ ಇಟ್ಟು ಹಂಚಿಕೊಳ್ಳೋ ಅಮೆರಿಕದ ಸೈಟ್‌ನಲ್ಲಿ. ಪಬ್ಲಿಕ್ ರೆಪೊ, ಕೋಡ್ ಯಾರು ಬೇಕಾದರೂ ನೋಡಬಹುದು. ಇರಾನಿನವರೊಬ್ಬರು ಒಳ್ಳೆಯ ಪ್ಯಾಚ್ ಕಳಿಸಿದ್ದಾರೆ. ಇರಾನ್ ಮೇಲಿನ ಅಮೆರಿಕದ ನಿರ್ಬಂಧದ ತೊಂದರೆ ಬರುತ್ತಾ? ಕೋಡ್ ಬೇರೆ ಕಡೆ ಸಾಗಿಸಬೇಕಾ?

ವಾಸ್ಕೋ, ಗೋವಾ:
ಸಾಗಿಸಿ. 2019ರ ಜುಲೈನಲ್ಲಿ ಇರಾನ್, ಸಿರಿಯಾ, ಕ್ರಿಮಿಯಾದವರ ಪ್ರೈವೇಟ್ ರೆಪೊಗಳಿಗೆ ಗಿಟ್‌ಹಬ್ ಬೀಗ ಹಾಕಿತು. ಅದನ್ನು ಓದಿದ ವಾರವೇ ನಾನು ಸ್ವಂತ ಸರ್ವರ್ ಬಾಡಿಗೆಗೆ ತಗೊಂಡೆ. ತಿಂಗಳಿಗೆ 1,150 ರೂಪಾಯಿ, ಬ್ಯಾಕಪ್‌ಗೆ ಮತ್ತೆ 400. ಎರಡನೇ ವರ್ಷ ಡಿಸ್ಕ್ ಹೋಯಿತು. ಬ್ಯಾಕಪ್‌ನಲ್ಲಿ ಕೋಡ್ ಮಾತ್ರ ಇತ್ತು, ಇಶ್ಯೂಗಳ (ಬಳಕೆದಾರರು ಬರೆದ ದೋಷ, ಬೇಡಿಕೆಗಳ) ಡೇಟಾಬೇಸ್ ಇರಲಿಲ್ಲ. 214 ಇಶ್ಯೂ! ಹಳೇ ಈಮೇಲ್ ಕೆದಕಿ, ಒಂದೊಂದಾಗಿ ಮತ್ತೆ ಟೈಪ್ ಮಾಡಿದೆ. ಐದು ಭಾನುವಾರ ಹೋಯಿತು. ಆದರೂ ಬೀಗದ ಕೈ ನನ್ನ ಹತ್ತಿರ ಇದೆ.

ಮುಲುಂಡ್, ಮುಂಬೈ:
ಅರ್ಧ ಕತೆ ಹೇಳಿ ಹೆದರಿಸಬೇಡಿ ಮಾರಾಯ್ರೆ. ಆಗಲೂ ಪಬ್ಲಿಕ್ ರೆಪೊ ತೆರೆದೇ ಇತ್ತು. 2021ರ ಜನವರಿಯಲ್ಲಿ ಅಮೆರಿಕ ಸರ್ಕಾರದ ಲೈಸೆನ್ಸ್ ಸಿಕ್ಕಿ ಇರಾನಿನವರಿಗೆ ಎಲ್ಲವೂ ತೆರೆಯಿತು.

ನನಗೆ ಹೊಟ್ಟೆ ಉರಿಯುವುದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ವಿಷಯಕ್ಕೆ. ಡ್ರೈವರ್ (ಕಂಪ್ಯೂಟರ್‌ನ ಯಂತ್ರಭಾಗ ನಡೆಸೋ ಕೋಡ್) ಬರೆಯೋದನ್ನು ನನಗೆ ಸಾಲು ಸಾಲಾಗಿ ತಿದ್ದಿ ಕಲಿಸಿದವರು ಒಬ್ಬ ರಷ್ಯನ್. 2024ರ ಅಕ್ಟೋಬರ್‌ನಲ್ಲಿ ಕರ್ನಲ್‌ನ (ಲಿನಕ್ಸ್‌ನ ತಿರುಳಿನ ಕೋಡ್‌ನ) ಮೇಂಟೇನರ್, ಅಂದರೆ ಅದನ್ನು ನೋಡಿಕೊಳ್ಳುವವರ ಪಟ್ಟಿಯಿಂದ ಹತ್ತು-ಹನ್ನೊಂದು ರಷ್ಯನ್ನರ ಹೆಸರು ತೆಗೆದರು. ನನಗೆ ಕಲಿಸಿದವರ ಹೆಸರು ಅದರಲ್ಲಿ ಇರಲಿಲ್ಲ. ಆದರೂ ಅವರು ಬರೆಯೋದನ್ನೇ ನಿಲ್ಲಿಸಿದರು. ನನ್ನ ಮೂರು ಮೇಲ್‌ಗೂ ಉತ್ತರ ಬಂದಿಲ್ಲ.

ಕೊಥ್ರೂಡ್, ಪುಣೆ:
ತೆಗೆದದ್ದು ಸರಿ. ನಿರ್ಬಂಧ ಪಟ್ಟಿಯಲ್ಲಿರೋ ಕಂಪನಿಯವರನ್ನು ಇಟ್ಟುಕೊಂಡರೆ ಕೇಸ್ ಮೈಮೇಲೆ ಬರುತ್ತೆ. ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಕೂಡ ಅದನ್ನೇ ಬೆಂಬಲಿಸಿದರು. ನನಗೆ ಬಂದ ಡೊನೇಷನ್ ಹಣ 62,000 ರೂಪಾಯಿಯನ್ನು ಬ್ಯಾಂಕ್ 47 ದಿನ ತಡೆದಿತ್ತು. ಕಳಿಸಿದವರ ಹೆಸರು ಯಾವುದೋ ಪಟ್ಟಿಯ ಹೆಸರಿಗೆ ಹೋಲುತ್ತಿತ್ತಂತೆ. ಬ್ರಾಂಚ್‌ಗೆ ಆರು ಸಲ ಹೋದೆ. ಪ್ಯಾಚ್ ತಗೊಳ್ಳಿ, ದುಡ್ಡು ಮಾತ್ರ ಕಳಿಸಬೇಡಿ.

ಮುಲುಂಡ್:
62,000 ರೂಪಾಯಿಗೂ ಒಬ್ಬರ ಹತ್ತು ವರ್ಷದ ದುಡಿಮೆಗೂ ಹೋಲಿಕೆ ಮಾಡ್ತೀರಾ?

ಕೊಥ್ರೂಡ್:
ಆ ತಿಂಗಳು ಮನೆ ಬಾಡಿಗೆಗೆ ತಮ್ಮನ ಹತ್ತಿರ ಕೈ ಚಾಚಿದ್ದು ನಾನು. ನೀವಲ್ಲ.

ವಾಸ್ಕೋ:
ನಿಮ್ಮ ಮುಂಬೈಯಲ್ಲೇ ಕಚೇರಿ ಇರೋ, ರಷ್ಯಾದವರ ಪಾಲಿರೋ ತೈಲ ಕಂಪನಿ ನಯಾರಾ ಎನರ್ಜಿ ನೋಡಿ. 2025ರ ಜುಲೈನಲ್ಲಿ ನಿರ್ಬಂಧ ಹಾಕಿದ್ದು ಯುರೋಪ್, ಸೇವೆ ನಿಲ್ಲಿಸಿದ್ದು ಮೈಕ್ರೋಸಾಫ್ಟ್. ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಮತ್ತೆ ಶುರುವಾಯಿತು. ಅದಕ್ಕೇ ಸ್ವಂತದ್ದು ಇರಬೇಕು ಅನ್ನೋದು.

ಮುಲುಂಡ್:
ನಿಮ್ಮ ಬಾಡಿಗೆ ಸರ್ವರ್ ಯಾವ ದೇಶದಲ್ಲಿದೆ?

ವಾಸ್ಕೋ:
ಜರ್ಮನಿ. ಗೊತ್ತು, ಅದೂ ಯುರೋಪೇ. ದೀಪಾವಳಿ ಒಳಗೆ ಮನೆಗೇ ತರ್ತೀನಿ. ಯುಪಿಎಸ್ ವಿಚಾರಿಸಿದ್ದೀನಿ, 8,500 ಹೇಳಿದ್ದಾರೆ.