ಕ್ಲಬ್ ಮೆಂಬರ್ ಲಿಸ್ಟ್ ಎಲ್ಲಿ ಇಡ್ಬೇಕ್ರಿ? ರಜಿಸ್ಟರ್ ವರಲಿ ತಿಂದಾವ, ಎಕ್ಸೆಲ್ ಗ್ರೂಪಿನಾಗ ಹೋಗ್ಯಾದ

ವಾಲಿಬಾಲ್_ಕಲಬುರಗಿ:
ನಮಸ್ಕಾರ್ರಿ. ಆಳಂದ ರೋಡ್ ಕಡಿ ನಮ್ದೊಂದು ವಾಲಿಬಾಲ್ ಕ್ಲಬ್ ಅದ, 140 ಮೆಂಬರ್ ಇದೀವಿ. ಹಳೇ ಸೆಕ್ರೆಟರಿ ಅಣ್ಣಾರು ನೌಕರಿ ಅಂತ ಪುಣೆಕ್ಕ ಹೋದ್ರು, ನನ್ನ ಕುಂದ್ರಸ್ಯಾರ. ಚಾರ್ಜ್ ತಗೊಳ್ಲಕ ಅಲ್ಮಾರಿ ತೆಗದ್ರ ಕೆಳಗಿನ ಖಾನಿದಾಗಿನ ಎರಡು ರಜಿಸ್ಟರ್ ವರಲಿ ತಿಂದು ಮಣ್ಣಾಗ್ಯಾವ, ಬಾಜೂಕ ಒಂದು ಪ್ಲಾಸ್ಟಿಕ್ ಚೀಲದ ತುಂಬ ಎಲ್ಲಾರ್ದೂ ಆಧಾರ್ ಜೆರಾಕ್ಸ್, ಅದಕ್ಕ ಮಾತ್ರ ಯಾನೂ ಆಗಿಲ್ಲ ನೋಡ್ರಿ! ಇದ್ದದ್ದು ಒಂದು ಎಕ್ಸೆಲ್ ಫೈಲ್, ಅದನ್ನ ಖಜಾಂಚಿ ಕಾಕಾ ಯಾರ್ದು ಚಂದಾ ಬಾಕಿ ಅದ ಅಂತ ತೋರಸ್ಲಕ ವಾಟ್ಸಾಪ್ ಗ್ರೂಪಿಗಿ ಪೂರಾ ಹಾಕಿಬಿಟ್ರು, ಫೋನ್ ನಂಬರ್, ಹುಟ್ಟಿದ ತಾರೀಖು, ಮನಿ ಅಡ್ರೆಸ್ ಎಲ್ಲಾ ಸೇರಿ. ಮರುವಾರ ಒಬ್ಬ ಹಿರಿಯರಿಗಿ ಫೋನ್ ಬಂತು, ಕ್ಲಬ್ಬಿಂದ ಮಾತಾಡ್ಲತ್ತೀವಿ, ರಿನೀವಲ್ ಅದ, ಓಟಿಪಿ ಹೇಳ್ರಿ ಅಂತ. ಅವ್ರು ಶಾಣ್ಯಾರು, ಬೈದು ಇಟ್ಟಾರ. ಈಗ ಎಲ್ಲಿಂದ ಸುರು ಮಾಡ್ಲಿ?

ತೊಗರಿಬ್ಯಾಳಿ:
ಮೊದಲ ಗ್ರೂಪಿನಾಗಿಂದ ಫೈಲ್ ತೆಗಸ್ರಿ. ಅಡ್ಮಿನ್ ಇದ್ದವರು ಬ್ಯಾರೆಯವರ ಮೆಸೇಜ್ ಸೈತ ಡಿಲೀಟ್ ಮಾಡಬಹುದು, ಆದ್ರ ಡೌನ್‌ಲೋಡ್ ಆಗಿದ್ದು ಆಗಿ ಹೋತು. ಹಿಂಗ ಫೋನ್ ಬರ್ತಾವ ಅಂತ ಎಲ್ಲಾರಿಗೂ ಹೇಳಿ ಇಡ್ರಿ, ರೊಕ್ಕ ಹೋದ್ರ ತಡ ಮಾಡ್ದೆ ಸೈಬರ್ ಮೋಸದ ಹೆಲ್ಪ್‌ಲೈನ್ 1930ಕ್ಕ ಫೋನ್ ಹಚ್ಚಬೇಕು.

ಇನ್ನ ಲಿಸ್ಟ್. ಕ್ಲಬ್ ಹೆಸರಲ್ಲೇ ಒಂದು ಜಿಮೇಲ್ ಮಾಡ್ರಿ, ನಿಮ್ಮ ಸ್ವಂತದ್ದು ಬ್ಯಾಡ, ನಾಳಿಗಿ ನೀವೂ ಪುಣೆಕ್ಕ ಹೋದ್ರ? 😄 ಅದರಾಗ ಗೂಗಲ್ ಶೀಟ್, ಶೇರಿಂಗ್ 'ರಿಸ್ಟ್ರಿಕ್ಟೆಡ್' ಇರ್ಲಿ, ಲಿಂಕ್ ಇದ್ದವರಿಗೆಲ್ಲಾ ಕಾಣೂ ಹಂಗ ಇಟ್ರ ವಾಟ್ಸಾಪಿಗಿ ಹಾಕಿದ್ದಕ್ಕೂ ಇದಕ್ಕೂ ಫರಕ್ ಇಲ್ಲ. ತಿದ್ದೂ ಹಕ್ಕು ನಿಮಗ ಮತ್ತ ಕಾಕಾಗ ಇಬ್ರಿಗೇ ಸಾಕು. ಯಾರು ಯಾವಾಗ ಯಾನ್ ತಿದ್ದ್ಯಾರ ಅನ್ನೋದು ವರ್ಷನ್ ಹಿಸ್ಟರಿದಾಗ ಸಿಗ್ತದ, ಚಂದಾ ಜಗಳಕ್ಕ ಭಾಳ ಕೆಲ್ಸಕ್ಕ ಬರ್ತದ ಅದು. ಟೂ ಸ್ಟೆಪ್ (ಪಾಸ್‌ವರ್ಡ್ ಆದ ಮ್ಯಾಲ ಇನ್ನೊಂದು ಸಲ ಗುರುತು ಕೇಳೂ ಲಾಕ್) ಹಾಕ್ರಿ, ಪಾಸ್‌ವರ್ಡ್ ಬರ್ದು ಲಕೋಟಿ ಅಂಟಿಸಿ ಅಧ್ಯಕ್ಷರ ಬಲ್ಲಿ ಇಡ್ರಿ. ಎರಡು ವರ್ಷ ಯಾರೂ ತೆಗೀದೇ ಬಿಟ್ರ ಗೂಗಲ್ ಅಕೌಂಟೇ ಅಳಿಸಬಹುದು, ಅದೂ ತಲ್ಯಾಗ ಇರ್ಲಿ.

ಬೀದರ್_ಹಳೇಮಂದಿ:
ಎಲ್ಲಾ ಕಂಪ್ಯೂಟರ್ ಅಂತೀರಿ, ಕಾಗದ ಬಿಡಬ್ಯಾಡ್ರಿ ತಮ್ಮಾ. ಎಲೆಕ್ಷನ್ ಟೈಮಿಗಿ ನಾ ಮೆಂಬರ್ ಹೌದು ಅಲ್ಲ ಅಂತ ತಕರಾರು ಬಂದ್ರ ಸಹಿ ಇದ್ದ ರಜಿಸ್ಟರೇ ಮಾತಾಡ್ತದ. ಹೋಗಿದ್ದನ್ನ ಕೂಡಸ್ಲಕ ಒಂದು ಹಾದಿ ಅದ, ಹಳೇ ರಸೀದಿ ಬುಕ್ಕಿನ ಕೌಂಟರ್‌ಫಾಯಿಲ್ ಹುಡುಕ್ರಿ, ಯಾರು ಯಾವ ವರ್ಷ ಚಂದಾ ಕೊಟ್ಟಾರ ಅದರಾಗೇ ಇರ್ತದ. ಕಮಿಟಿ ಲಿಸ್ಟ್ ವರ್ಷಕ್ಕೊಮ್ಮಿ ಸೊಸೈಟಿ ರಿಜಿಸ್ಟ್ರಾರ್ ಆಫೀಸಿಗಿ ಕೊಟ್ಟಿದ್ರ ಅಲ್ಲಿಂದ ನಕಲು ತಗೋರಿ, 1960ರ ಕರ್ನಾಟಕ ಸೊಸೈಟಿ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಆದ ಕ್ಲಬ್ ಆ ಲಿಸ್ಟ್ ಕೊಡಲೇಬೇಕು. ಮತ್ತ ಅಲ್ಮಾರಿ ಕಬ್ಬಿಣದ್ದು ಇರ್ಲಿ, ಗ್ವಾಡಿಗಿ ಹಚ್ಚಿ ಇಡಬ್ಯಾಡ್ರಿ, ಕೆಳಗ ಇಟ್ಟಂಗಿ ಕೊಡ್ರಿ, ವರಲಿ ನೆಲದಾಗಿಂದನೇ ಏರ್ತಾವ.

ಯಾದಗಿರಿ_ಅಕ್ಕ:
ಎಲ್ಲಾರೂ ಇಡೂದು ಹ್ಯಾಂಗ ಅಂತ ಹೇಳ್ಲತ್ತೀರಿ, ಆ ಆಧಾರ್ ಚೀಲ ಯಾಕ ಇಡ್ಬೇಕು ಅಂತ ಯಾರೂ ಕೇಳ್ಲಿಲ್ಲ. ವಾಲಿಬಾಲ್ ಆಡ್ಲಕ ಆಧಾರ್ ಯಾಕ್ರಿ? ಗುರುತು ಬೇಕಂದ್ರ ನೋಡಿ ವಾಪಸ್ ಕೊಡ್ರಿ, ಇಲ್ಲಂದ್ರ ಮಾಸ್ಕ್ಡ್ ಆಧಾರ್ ತಗೋರಿ, ಕಡೀ ನಾಕು ನಂಬರ್ ಅಷ್ಟೇ ಕಾಣ್ತಾವ. ಹುಟ್ಟಿದ ತಾರೀಖೂ ಹಂಗೇ, ವಯಸ್ಸಿನ ಗುಂಪಿನ ಟೂರ್ನಮೆಂಟ್ ಆಡೂ ಹುಡುಗರ್ದು ಬಿಟ್ರ ಉಳಿದವರ್ದು ಯಾಕ? 2023ರಾಗ ಡೇಟಾ ಕಾಯ್ದೆ ಬಂದದ, ಅದರ ಹಿಂದಿನ ಮಾತೂ ಇದೇ, ಕೆಲ್ಸಕ್ಕ ಬೇಕಾದಷ್ಟೇ ತಗೋರಿ ಅಂತ.

ತೊಗರಿಬ್ಯಾಳಿ:
ಅಕ್ಕಾ ಖರೆ, ನನಗ ಹೊಳೀಲೇ ಇಲ್ಲ ಅದು.

ವಾಲಿಬಾಲ್_ಕಲಬುರಗಿ:
ಕೌಂಟರ್‌ಫಾಯಿಲ್ ಕಾಕಾರ ಮನ್ಯಾಗ ಅಟ್ಟದ ಮ್ಯಾಲ ಸಿಕ್ಕಾವ್ರಿ, ಐದು ವರ್ಷದ್ದು! ಕಾಕಾ ಫೈಲ್ ತೆಗದಿದ್ದಕ್ಕ ಜರ ಸಿಟ್ಟಾಗಿದ್ರು, ಈಗ ತಾವೇ ಕುಂತು ಹೆಸರು ಓದ್ಲತ್ತಾರ, ನಾ ಶೀಟಿನಾಗ ಹೊಡೀಲತ್ತೀನಿ. ಐತ್ವಾರ ಗ್ರೌಂಡಿನಾಗ ಜೆರಾಕ್ಸ್ ಅವರವರಿಗಿ ವಾಪಸ್ ಕೊಡ್ತೀವಿ, ಬರಲಾರ್ದವರ್ದು ಹರ್ದು ಸುಡೂದು. ಇಟ್ಟಂಗಿ ನಾಕು ತಂದಾಗ್ಯಾದ.