ಫೋರ್ಕ್‌ಲಿಫ್ಟ್‌ನ ಹಳೆಯ ಡಿ.ಸಿ. ಮೋಟಾರ್: ಯಾವ ಬಗೆಯದೆಂದು ತಿಳಿಯುವುದು ಹೇಗೆ, ವೈರಿಂಗ್ ಹೇಗೆ?

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಚನ್ನಗಿರಿ ಕಡೆ ಇರುವ ನಮ್ಮ ಅಡಿಕೆ ತೋಟದೊಳಗೆ ಗೊಬ್ಬರ, ಗೊನೆ ಸಾಗಿಸುವುದಕ್ಕಾಗಿ ಹಳೆಯ ಮಾರುತಿ ಓಮ್ನಿಯನ್ನು ಬ್ಯಾಟರಿ ಗಾಡಿಯಾಗಿ ಮಾರ್ಪಡಿಸುತ್ತಿದ್ದೇನೆ. ಗೇರ್‌ಬಾಕ್ಸ್ ಹಾಗೆಯೇ ಉಳಿಯುತ್ತದೆ. ಎಂಜಿನ್ನಿನ ಜಾಗದಲ್ಲಿ, ಇಲ್ಲಿನ ಗುಜರಿಯಲ್ಲಿ ಸಿಕ್ಕ ಫೋರ್ಕ್‌ಲಿಫ್ಟ್ ಮೋಟಾರನ್ನು ಕೂರಿಸಬೇಕು. ಅದರ ನೇಮ್‌ಪ್ಲೇಟ್ ಸವೆದುಹೋಗಿ, 48 ವೋಲ್ಟ್ ಎಂಬುದಷ್ಟೇ ಓದಲು ಬರುತ್ತದೆ. ನಾಲ್ಕು ದಪ್ಪ ಬೋಲ್ಟ್‌ಗಳಲ್ಲಿ ಎರಡರ ಪಕ್ಕ ಎ1, ಎ2 ಎಂದು ಪಂಚ್ ಮಾಡಿದ್ದಾರೆ, ಉಳಿದೆರಡಕ್ಕೆ ಗುರುತಿಲ್ಲ. ಇವಲ್ಲದೆ ಎರಡು ಸಣ್ಣ ವೈರ್‌ಗಳೂ ಹೊರಬಂದಿವೆ. ಮಲ್ಟಿಮೀಟರ್ ಎರಡೂ ಜೋಡಿಗೆ 0.3 ಓಮ್ ತೋರಿಸುತ್ತದೆ. ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದರೂ ಅದೇ 0.3. ಇದು ಫೀಲ್ಡ್ (ಕಾಂತಕ್ಷೇತ್ರ ಉಂಟುಮಾಡುವ, ತಿರುಗದ ಕಾಯಿಲ್) ಮತ್ತು ಆರ್ಮೇಚರ್ (ತಿರುಗುವ ಭಾಗದ ಕಾಯಿಲ್) ಒಂದೇ ಸಾಲಿನಲ್ಲಿ ಜೋಡಿಸುವ ಸೀರೀಸ್ ಮೋಟಾರೋ, ಫೀಲ್ಡಿಗೆ ಪ್ರತ್ಯೇಕ ಸಪ್ಲೈ ಬೇಡುವ ಸೆಪೆಕ್ಸ್ ಮೋಟಾರೋ ಎಂಬುದು ತಿಳಿಯದೆ ಕಂಟ್ರೋಲರ್ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಕೊಳ್ಳುವಂತಿಲ್ಲ. ವಿಚಾರಿಸಿದ ವೈಂಡಿಂಗ್ ಅಂಗಡಿಯವರು, ತಮ್ಮಲ್ಲಿಗೆ ಬರುವುದೆಲ್ಲ ಬೋರ್‌ವೆಲ್ ಮೋಟಾರ್‌ಗಳೇ ಎಂದರು. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಹರಿಹರ)

ಸರ್, ನೀವು ಕಂಡ 0.3 ನಿಮ್ಮ ಮೀಟರಿನ ಪ್ರೋಬ್ ವೈರ್‌ಗಳ ರೆಸಿಸ್ಟೆನ್ಸ್. ಕಾಯಿಲ್‌ನದು ಅದರಲ್ಲಿ ಮುಚ್ಚಿಹೋಗಿದೆ. ಇಷ್ಟು ಕಡಿಮೆ ಓಮ್ ಅಳೆಯಲು ಬೇರೆ ದಾರಿಯಿದೆ. 12 ವೋಲ್ಟ್ ಬ್ಯಾಟರಿ, 55 ವಾಟ್‌ನ ಹೆಡ್‌ಲೈಟ್ ಬಲ್ಬ್ ಮತ್ತು ಗುರುತಿಲ್ಲದ ಆ ಎರಡು ಬೋಲ್ಟ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದರೆ ಸುಮಾರು 4.5 ಆಂಪಿಯರ್ ಹರಿಯುತ್ತದೆ. ಆಗ ಮೀಟರನ್ನು ಮಿಲಿವೋಲ್ಟ್‌ಗಿಟ್ಟು, ಪ್ರೋಬ್‌ಗಳನ್ನು ಲಗ್‌ಗಳ ಮೇಲಲ್ಲದೆ ಬೋಲ್ಟಿನ ತುದಿಗೇ ಒತ್ತಿ ಹಿಡಿದು ಓದಿ. ಬಂದ ಮಿಲಿವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ಮಿಲಿಓಮ್ ಸಿಗುತ್ತದೆ. ಅದು ಹತ್ತಿಪ್ಪತ್ತು ಮಿಲಿಓಮ್‌ನೊಳಗಿದ್ದರೆ ಸೀರೀಸ್ ಫೀಲ್ಡ್. ಅರ್ಧ ಓಮ್, ಒಂದು ಓಮ್‌ನ ಆಸುಪಾಸಿನಲ್ಲಿದ್ದರೆ ಸೆಪೆಕ್ಸ್ ಇರಬೇಕು, ಆಗ ಬಲ್ಬ್ ಮಂಕಾಗುವುದೂ ಕಾಣುತ್ತದೆ.

ಎ1, ಎ2 ಆರ್ಮೇಚರ್ ಹೌದೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಶಾಫ್ಟನ್ನು ಕೈಯಿಂದ ನಿಧಾನವಾಗಿ ತಿರುಗಿಸಿದಾಗ, ಬ್ರಷ್‌ಗಳು ಕಮ್ಯುಟೇಟರಿನ (ಶಾಫ್ಟಿನ ಮೇಲೆ ತಾಮ್ರದ ಪಟ್ಟಿಗಳಿರುವ ಭಾಗ) ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸರಿಯುವಂತೆ ಆರ್ಮೇಚರಿನ ರೀಡಿಂಗ್ ಅಲುಗಾಡುತ್ತದೆ, ಫೀಲ್ಡಿನದು ಅಲುಗುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಮುಂದುವರಿಯಬೇಡಿ: 8 ಮಿಲಿಓಮ್‌ನ ಸೀರೀಸ್ ಫೀಲ್ಡನ್ನು ಸೆಪೆಕ್ಸ್ ಎಂದುಕೊಂಡು 48 ವೋಲ್ಟಿಗೆ ನೇರವಾಗಿ ಕೊಟ್ಟರೆ ಲೆಕ್ಕಕ್ಕೆ 6000 ಆಂಪಿಯರ್ ಆಗುತ್ತದೆ, ಅಂದರೆ ಬ್ಯಾಟರಿಯನ್ನೇ ಶಾರ್ಟ್ ಮಾಡಿದಂತೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು ಸರ್. ಗುರುತಿಲ್ಲದ ಜೋಡಿಯಲ್ಲಿ 36 ಮಿಲಿವೋಲ್ಟ್ ಬಂತು, ಶಾಫ್ಟ್ ತಿರುಗಿಸಿದರೂ ಬದಲಾಗಲಿಲ್ಲ. ಎ1, ಎ2 ನಡುವಿನ ರೀಡಿಂಗ್ ನೀವು ಹೇಳಿದಂತೆಯೇ ಏರಿಳಿಯಿತು. ಸಣ್ಣ ವೈರ್‌ಗಳ ನಡುವೆ ಕಂಟಿನ್ಯುಟಿ ಇದೆ, ಆದರೆ ಬೋಲ್ಟ್‌ಗಳಿಗಾಗಲಿ ಬಾಡಿಗಾಗಲಿ ಸಂಪರ್ಕವಿಲ್ಲ.

ಉತ್ತರ (ಹರಿಹರ)

ಹಾಗಾದರೆ 8 ಮಿಲಿಓಮ್. ನಿಮ್ಮದು ಸೀರೀಸ್ ಮೋಟಾರ್. ಗುರುತಿಲ್ಲದವನ್ನು ಎಸ್1, ಎಸ್2 ಎಂದುಕೊಳ್ಳಿ, ಕೆಲವು ಮೋಟಾರ್‌ಗಳಲ್ಲಿ ಇವನ್ನೇ ಡಿ1, ಡಿ2 ಎಂದು ಗುರುತಿಸಿರುತ್ತಾರೆ. ಎ2ನಿಂದ ಎಸ್1ಗೆ ದಪ್ಪ ಕೇಬಲ್ ಹಾಕಿ, ಎ1 ಮತ್ತು ಎಸ್2 ನಡುವೆ 12 ವೋಲ್ಟ್ ಕೊಟ್ಟರೆ ಮೋಟಾರ್ ತಿರುಗಬೇಕು. ಅದಕ್ಕೂ ಮೊದಲು ಕಾರ್ಬನ್ ಧೂಳನ್ನು ಗಾಳಿ ಹೊಡೆದು ತೆಗೆದು, ಬೋಲ್ಟ್‌ಗಳಿಗೂ ಬಾಡಿಗೂ ನಡುವೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಮುಂದೆ ಹೋಗಬಾರದು. ಬೋರ್‌ವೆಲ್ ಮೋಟಾರ್ ಕಟ್ಟುವ ಯಾವ ಅಂಗಡಿಯಲ್ಲಾದರೂ ಮೆಗ್ಗರ್ ಇರುತ್ತದೆ.

ಸ್ಟಾರ್ಟ್ ಆಗುವಾಗ ಮೋಟಾರ್ ಇಡಿಯಾಗಿ ಜಿಗಿಯುತ್ತದೆ, ಆದ್ದರಿಂದ ಅದನ್ನು ಬಿಗಿಯಾಗಿ ಕಟ್ಟಿಯೇ ಈ ಪರೀಕ್ಷೆ ಮಾಡಿ. ಲೋಡ್ ಇಲ್ಲದೆ 48 ವೋಲ್ಟ್ ಮಾತ್ರ ಎಂದಿಗೂ ಕೊಡಬೇಡಿ; ಲೋಡಿಲ್ಲದ ಸೀರೀಸ್ ಮೋಟಾರಿನ ವೇಗಕ್ಕೆ ಕಡಿವಾಣವಿಲ್ಲ, ಕಮ್ಯುಟೇಟರಿನ ಪಟ್ಟಿಗಳು ಕಿತ್ತು ಹಾರಿ ಪಕ್ಕದಲ್ಲಿದ್ದವರ ಜೀವಕ್ಕೇ ಅಪಾಯವಾಗಬಹುದು.

ತಿರುಗುವ ದಿಕ್ಕು ತಪ್ಪಾದರೆ ಎಸ್1, ಎಸ್2ಗಳನ್ನು ಅದಲು ಬದಲು ಮಾಡಿ. ಬ್ಯಾಟರಿಯ ಪ್ಲಸ್ ಮೈನಸ್ ಬದಲಿಸಿದರೆ ಆರ್ಮೇಚರ್, ಫೀಲ್ಡ್ ಎರಡರಲ್ಲೂ ಕರೆಂಟ್ ತಿರುಗುವುದರಿಂದ ದಿಕ್ಕು ಮೊದಲಿನಂತೆಯೇ ಉಳಿಯುತ್ತದೆ. ಎಂಜಿನ್ ಯಾವ ಕಡೆಗೆ ತಿರುಗುತ್ತಿತ್ತು ಎಂಬುದನ್ನು ಬಿಚ್ಚುವ ಮೊದಲೇ ನೋಡಿಟ್ಟುಕೊಳ್ಳಿ.

ಉತ್ತರ (ಚಿತ್ರದುರ್ಗ)

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಮನೆಯ ಎ.ಸಿ. ಎಂಸಿಬಿಯನ್ನು ಈ ಲೈನಿನಲ್ಲಿ ಬಳಸಬೇಡಿ. ಎ.ಸಿ. ಕರೆಂಟ್ ಪ್ರತಿ ಸೈಕಲ್‌ನಲ್ಲೂ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ, ಡಿ.ಸಿ.ಯಲ್ಲಿ ಹಾಗಾಗದೆ ಸಂಪರ್ಕ ಬಿಡಿಸಿದ ಮೇಲೂ ಉರಿಯುತ್ತಲೇ ಇರಬಹುದು. ಡಿ.ಸಿ. ರೇಟಿಂಗ್ ಇರುವ ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿ, ನಂತರ ಕಂಟ್ಯಾಕ್ಟರ್ (ದೊಡ್ಡ ಕರೆಂಟಿನ ರಿಲೇ ಸ್ವಿಚ್) ಬರಲಿ. ಕಂಟ್ರೋಲರಿನೊಳಗಿನ ಕೆಪ್ಯಾಸಿಟರ್‌ಗಳು ಒಮ್ಮೆಲೇ ಎಳೆಯುವ ಕರೆಂಟ್ ಕಂಟ್ಯಾಕ್ಟರಿನ ಪಾಯಿಂಟ್‌ಗಳನ್ನು ಬೆಸೆದುಬಿಡುತ್ತದೆ. ಅದಕ್ಕಾಗಿ ಕಂಟ್ಯಾಕ್ಟರಿಗೆ ಅಡ್ಡಲಾಗಿ, ಕೆಪ್ಯಾಸಿಟರ್‌ಗಳನ್ನು ಮೊದಲೇ ನಿಧಾನವಾಗಿ ತುಂಬುವ ಪ್ರೀಚಾರ್ಜ್ ರೆಸಿಸ್ಟರ್ ಇರಲೇಬೇಕು.

ಆ ಸಣ್ಣ ವೈರ್‌ಗಳು ಬಹುಶಃ ಥರ್ಮಲ್ ಸ್ವಿಚ್‌ನವು. ಮೋಟಾರ್ ಚೆನ್ನಾಗಿ ಬಿಸಿಯಾದಾಗ ಕಂಟಿನ್ಯುಟಿ ತಪ್ಪಿದರೆ ಅದೇ ಎಂದು ಖಾತ್ರಿ. ಅವಕ್ಕೆ ಮೋಟಾರಿನ ಕರೆಂಟ್ ಕೊಡದೆ, ಕಂಟ್ರೋಲರಿನ ಟೆಂಪರೇಚರ್ ಇನ್‌ಪುಟ್ ಇಂಥ ಸ್ವಿಚ್ಚಿಗೆ ಹೊಂದುವಂತಿದ್ದರೆ ಅಲ್ಲಿಗೇ ಜೋಡಿಸಿ. ತೋಟದೊಳಗೆ ಲೋಡ್ ಹೊತ್ತು ನಿಧಾನವಾಗಿ ಓಡುವಾಗ ಮೋಟಾರಿನ ಸ್ವಂತ ಫ್ಯಾನ್ ಸಾಲದು, ಬಿಸಿಯಾಗುವುದು ಆಗಲೇ.

ಗಾಡಿಯನ್ನು ರಸ್ತೆಗಿಳಿಸುವ ಆಲೋಚನೆಯಿದ್ದರೆ, ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಇಂಥ ಮಾರ್ಪಾಡಿಗೆ ಅನ್ವಯಿಸುತ್ತದೆ. ಖರ್ಚು ಹೆಚ್ಚುವ ಮೊದಲೇ ದಾವಣಗೆರೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.